ಕಾಟಿಯನ್ನು ಕೆಡವೋರು ಯಾರು?

ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್‌ಗಳಲ್ಲಿ ಓದು ಬಿಟ್ಟು ಬೇರೆ ಎಲ್ಲಾ ವಿಷಯಗಳೂ ಚರ್ಚೆಯಾಗುತ್ತವೆ. ಅದರಲ್ಲಿ ಒಂದು ವಿಷಯ ಪ್ರತಿ ಸೆಮಿಸ್ಟರ್ ತಪ್ಪದೇ ಬರುತ್ತದೆ: ಹುಲಿ ಗೆಲ್ಲುತ್ತಾ, ಕಾಟಿ ಗೆಲ್ಲುತ್ತಾ? ಯಾರೋ ಒಬ್ಬ ಮೊಬೈಲ್ ತೆಗೆದು ಹುಲಿ ಓಡಿಹೋಗೋ ವಿಡಿಯೋ ತೋರಿಸ್ತಾನೆ. ಇನ್ನೊಬ್ಬ ಹುಲಿ ಕಾಟಿಯ ಗಂಟಲು ಹಿಡಿದಿರೋ ವಿಡಿಯೋ ತೋರಿಸ್ತಾನೆ. ಆಮೇಲೆ ಸಿಂಹ ಬರುತ್ತೆ, ಮೊಸಳೆ ಬರುತ್ತೆ, ಕತ್ತಿಹಲ್ಲಿನ ಬೆಕ್ಕು ಬರುತ್ತೆ, ಕೊನೆಗೆ ಟಿ. ರೆಕ್ಸ್ ಕೂಡ ಬರುತ್ತೆ. ಬರದೇ ಇರೋದು ನಿದ್ದೆ ಮತ್ತು ಸಿಲಬಸ್ ಮಾತ್ರ.

ಈ ಚರ್ಚೆಯೇ ದಂಡ ಅಂತ ನಾವು ಹೇಳೋದಿಲ್ಲ. ನಮಗೂ ಇಷ್ಟ. ಆದರೆ ‘ಯಾರು ಗೆಲ್ತಾರೆ’ ಅನ್ನೋ ಪ್ರಶ್ನೆಯೇ ಸರಿಯಿಲ್ಲ ಅನ್ನೋದು ನಮ್ಮ ವಾದ. ಬೇಟೆ ಅಂದ್ರೆ ಕುಸ್ತಿ ಅಲ್ಲ. ಕುಸ್ತಿಯಲ್ಲಿ ಸೋತವನು ಮುಂದಿನ ವರ್ಷ ಮತ್ತೆ ಅಖಾಡಕ್ಕೆ ಬರಬಹುದು. ಕಾಡಿನಲ್ಲಿ ಒಂದು ಕೋರೆಹಲ್ಲು ಮುರಿದರೆ, ಒಂದು ಪಕ್ಕೆಲುಬು ಬಿರುಕುಬಿಟ್ಟರೆ ಹುಲಿಯ ಕಥೆ ಮುಗೀತು. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಇಷ್ಟು ದೊಡ್ಡ ಪ್ರಾಣಿಯನ್ನು ಬೇಟೆಯಾಡೋದು ಯಾರಿಗೆ ಕಟ್ಟುತ್ತೆ? ‘ಕಟ್ಟುತ್ತೆ’ ಅಂದ್ರೆ ನಮ್ಮ ಸಂತೆಯ ಅರ್ಥದಲ್ಲೇ. ಹಾಕಿದ ಬಂಡವಾಳ ವಾಪಸ್ ಬರುತ್ತಾ, ಇಲ್ವಾ ಅಂತ.

ಮೊದಲು ಕಾಟಿಯ ಪರಿಚಯ. ನಾವೆಲ್ಲ ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದವರು, ಪುಸ್ತಕದಲ್ಲಿ ‘ಇಂಡಿಯನ್ ಬೈಸನ್’ ಅಂತಲೇ ಕಲಿತವರು. ಆದರೆ ಅದು ಬೈಸನ್ ಅಲ್ಲ. ಬೈಸನ್ ಇರೋದು ಅಮೆರಿಕದಲ್ಲಿ ಮತ್ತು ಯುರೋಪಿನಲ್ಲಿ. ನಮ್ಮದು ಗೌರ್, ದನದ ಹತ್ತಿರದ ನೆಂಟ. ಮಲೆನಾಡಿನ, ಕೊಡಗಿನ ಸ್ನೇಹಿತರು ಕಾಟಿ ಅಂತಾರೆ, ಬಯಲುಸೀಮೆಯವರು ಕಾಡೆಮ್ಮೆ ಅಥವಾ ಕಾಡುಕೋಣ ಅಂತಾರೆ. ನಮಗೆ ಕಾಟಿ ಅನ್ನೋ ಹೆಸರೇ ಹಿಡಿಸಿದೆ. ಎರಡೇ ಅಕ್ಷರ, ಆದರೂ ಗಟ್ಟಿ.

ಬೆಳೆದ ಗಂಡು ಕಾಟಿ 600ರಿಂದ 1000 ಕೆ.ಜಿ. ತೂಗುತ್ತದೆ, ಕೆಲವು ಅದಕ್ಕೂ ಜಾಸ್ತಿ. ಭುಜದ ಎತ್ತರವೇ ನಮ್ಮಲ್ಲಿ ಬಹಳ ಜನರಿಗಿಂತ ಹೆಚ್ಚು. ಕಪ್ಪು ಮೈ, ಬೆನ್ನಿನ ಮೇಲೆ ಎದ್ದು ನಿಂತ ದಿಣ್ಣೆ, ಮೊಣಕಾಲಿನ ಕೆಳಗೆ ಬಿಳಿ ಸಾಕ್ಸ್. ನಾಗರಹೊಳೆಯ ರಸ್ತೆ ಬದಿ ಅದು ತಲೆ ಎತ್ತಿ ನಮ್ಮನ್ನು ನೋಡಿದರೆ ಜೀಪಿನಲ್ಲಿ ಕೂತ ಎಲ್ಲರ ಮಾತೂ ತಾನಾಗೇ ನಿಲ್ಲುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ, ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆ ಅಂದಮೇಲೆ ಅದಾದರೂ ಇರಲಿ. 900 ಕೆ.ಜಿ.ಯ ಗೂಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರ್ತಿದೆ ಅಂದುಕೊಳ್ಳಿ. ಚಲನ ಶಕ್ತಿ 45 ಕಿಲೋಜೌಲ್. ಬೈಕು, ಸವಾರ ಸೇರಿ 180 ಕೆ.ಜಿ. ಇದ್ದು 80 ಕಿ.ಮೀ. ವೇಗದಲ್ಲಿ ಬಂದರೆ ಎಷ್ಟು ಶಕ್ತಿಯೋ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಏನಂದ್ರೆ ಈ ಬೈಕಿನ ಮುಂದುಗಡೆ ಎರಡು ಕೊಂಬು ಇರ್ತವೆ, ಬ್ರೇಕ್ ಇರೋದಿಲ್ಲ. 200 ಕೆ.ಜಿ.ಯ ಹುಲಿ ಇದರ ಎದುರು ನಿಂತು ಗುದ್ದಾಡೋದು ಅಂದ್ರೆ ಆತ್ಮಹತ್ಯೆ. ಹುಲಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲ, ಆದರೂ ಅದು ಎದುರಿಗೆ ನಿಲ್ಲೋದಿಲ್ಲ.

ಎದುರಿಗೆ ನಿಲ್ಲಿಸಿದರೆ ಏನಾಗುತ್ತೆ ಅಂತ ಮನುಷ್ಯರು ಪರೀಕ್ಷೆ ಮಾಡಿ ನೋಡಿದ್ದಾರೆ. 1904ರಲ್ಲಿ ಸ್ಪೇನಿನ ಸ್ಯಾನ್ ಸೆಬಾಸ್ಟಿಯನ್ ಊರಿನಲ್ಲಿ ಒಂದು ದೊಡ್ಡ ಪಂಜರದೊಳಗೆ ಹುಲಿ ಮತ್ತು ಹೋರಿಯನ್ನು ಬಿಟ್ಟು ಟಿಕೆಟ್ ಮಾರಿದರು. ಹೋರಿ ಹುಲಿಯನ್ನು ಸರಳುಗಳಿಗೆ ಒತ್ತಿ ಗುದ್ದಿತು. ಕೊನೆಗೆ ಪಂಜರವೇ ಬಾಯಿಬಿಟ್ಟಿತು, ಗುಂಡು ಹಾರಿದವು, ಹುಲಿ ಸತ್ತಿತು, ಪ್ರೇಕ್ಷಕರಿಗೂ ಗಾಯಗಳಾದವು. 19ನೇ ಶತಮಾನದ ಕ್ಯಾಲಿಫೋರ್ನಿಯಾದಲ್ಲಿ ಗ್ರಿಜ್ಲಿ ಕರಡಿಯನ್ನೂ ಹೋರಿಯನ್ನೂ ಹಗ್ಗದಿಂದ ಕಟ್ಟಿ ಕಾದಾಡಿಸೋದು ಜಾತ್ರೆಯ ಆಟದ ಹಾಗೆ ನಡೆಯುತ್ತಿತ್ತು. ಇದರಿಂದ ಹುಲಿಯ ಬಗ್ಗೆಯಾಗಲಿ, ಕರಡಿಯ ಬಗ್ಗೆಯಾಗಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಹೊಂಚು ಹಾಕೋಕೆ ಪೊದೆ ಇಲ್ಲದ ಪಂಜರದಲ್ಲಿ ಹುಲಿಯನ್ನು ಬಿಡೋದೂ ಒಂದೇ, ಈಜುಗಾರನನ್ನು ಮರಳಿನ ಮೇಲೆ ಬಿಟ್ಟು ಟೈಮ್ ನೋಡೋದೂ ಒಂದೇ.

ಹಾಗಾದ್ರೆ ಹುಲಿ ಕಾಟಿಯನ್ನು ಹೇಗೆ ಕೆಡವುತ್ತೆ? ಮೊದಲನೆಯದು, ಹತ್ತಿರ. ಹುಲಿ ದೂರದ ಓಟಗಾರ ಅಲ್ಲ. ಪೊದೆ, ಹುಲ್ಲು, ನೆರಳು ಬಳಸಿ ಆದಷ್ಟು ಸಮೀಪ ಬಂದು, ಹಿಂದಿನಿಂದ ಅಥವಾ ಪಕ್ಕದಿಂದ ಮೇಲೆ ಬೀಳುತ್ತೆ. ಚಿಕ್ಕ ಪ್ರಾಣಿಯಾದರೆ ಕತ್ತಿನ ಹಿಂಭಾಗ ಕಚ್ಚಿ ಕ್ಷಣದಲ್ಲಿ ಮುಗಿಸುತ್ತೆ. ದೊಡ್ಡದಾದರೆ ಗಂಟಲು. ಮುಂಗಾಲಿನಿಂದ ಭುಜ ಅಪ್ಪಿ, ಕೆಳಗಿನಿಂದ ಗಂಟಲಿಗೆ ಬಾಯಿ ಹಾಕಿ, ತನ್ನ ಭಾರವನ್ನೆಲ್ಲ ಜೋತುಬಿಟ್ಟು ತಲೆ ತಿರುಚುತ್ತೆ. ಪ್ರಾಣಿ ಬಿದ್ದ ಮೇಲೂ ಹಿಡಿತ ಬಿಡೋದಿಲ್ಲ. ಸಾಯಿಸೋದು ಹಲ್ಲಿನ ಆಳ ಅಲ್ಲ, ಉಸಿರು ಕಟ್ಟೋದು.

ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನ ಫ್ರೀ ಬಾಡಿ ಡಯಾಗ್ರಾಮ್ ನೆನಪಿದ್ದವರು ಒಂದು ಚಿತ್ರ ಬರೆದು ನೋಡಿ. ನಾವು ಬರೆದೆವು. 900 ಕೆ.ಜಿ.ಯ ಪ್ರಾಣಿ, ಎಡ ಬಲ ಗೊರಸುಗಳ ನಡುವೆ ಅರ್ಧ ಮೀಟರ್ ಅಂತರ ಅಂತ ಇಟ್ಟುಕೊಂಡರೆ, ಪಕ್ಕಕ್ಕೆ ಮಗುಚಲು ಸುಮಾರು 2200 ನ್ಯೂಟನ್ ಮೀಟರ್ ಟಾರ್ಕ್ ಬೇಕು. 1.2 ಮೀಟರ್ ಎತ್ತರದಲ್ಲಿ ಪಕ್ಕಕ್ಕೆ ಎಳೆದರೆ 1800 ನ್ಯೂಟನ್ ಸುತ್ತಮುತ್ತ ಸಾಕು. 200 ಕೆ.ಜಿ.ಯ ಹುಲಿಯ ತೂಕವೇ ಹತ್ತಿರ ಹತ್ತಿರ 2000 ನ್ಯೂಟನ್. ಇದು ರಫ್ ಲೆಕ್ಕ, ಪ್ರಾಣಿ ಮರದ ಮೇಜಲ್ಲ, ಅದು ಕಾಲು ಅಗಲಿಸುತ್ತೆ, ಒದರುತ್ತೆ, ಮರಕ್ಕೆ ಉಜ್ಜುತ್ತೆ. ಆದರೂ ಒಂದು ವಿಷಯ ಸ್ಪಷ್ಟ. ಓಡುವಾಗ ಒಂದು ಕಾಲು ನೆಲದಿಂದ ಎದ್ದಿರೋ ಕ್ಷಣದಲ್ಲಿ, ಎತ್ತರದ ಜಾಗದಲ್ಲಿ ಹಿಡಿದು ತಿರುಚಿದರೆ, ತನ್ನ ನಾಲ್ಕು ಪಟ್ಟು ತೂಕವನ್ನು ಕೆಡವೋದು ಪವಾಡವೇನಲ್ಲ. ತೂಕ ಎಷ್ಟು ಅನ್ನೋದಕ್ಕಿಂತ ಎಲ್ಲಿ, ಯಾವಾಗ ಹಿಡಿದೆ ಅನ್ನೋದು ಮುಖ್ಯ.

ಇನ್ನು ಇದು ಹುಲಿಗೆ ಕಟ್ಟುತ್ತಾ ಅಂತ ನೋಡಿ. ಉಲ್ಲಾಸ ಕಾರಂತರು ಮತ್ತು ಮೆಲ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಹುಲಿ, ಚಿರತೆ, ಕೆನ್ನಾಯಿ ಮೂರರ ಹಿಕ್ಕೆ ಮತ್ತು ಬೇಟೆಗಳನ್ನು ಪರೀಕ್ಷಿಸಿ 1995ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹುಲಿ ಕೊಂದ ಮುಖ್ಯ ಬೇಟೆಗಳ ಸರಾಸರಿ ತೂಕ 90 ಕೆ.ಜಿ. ದಾಟಿತ್ತು. ಚಿರತೆಯದ್ದೂ ಕೆನ್ನಾಯಿಯದ್ದೂ ಅದರ ಅರ್ಧಕ್ಕಿಂತ ಕಡಿಮೆ. ಅದಕ್ಕಿಂತ ಮಜವಾದ ವಿಷಯ: ಹುಲಿ 176 ಕೆ.ಜಿ.ಗಿಂತ ದೊಡ್ಡ ಪ್ರಾಣಿಗಳನ್ನೇ ಆರಿಸಿಕೊಳ್ಳುತ್ತಿತ್ತು. ಅಂದರೆ ಕಾಡಿನ ತುಂಬ ಜಿಂಕೆ ಓಡಾಡಿಕೊಂಡಿದ್ದರೂ ಹುಲಿಯ ಕಣ್ಣು ಕಡವೆ, ಕಾಟಿಗಳ ಮೇಲೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು, ವಾರಕ್ಕೊಂದು ಅಂತ ಇಟ್ಕೊಳ್ಳಿ. ಬೇಟೆಯ ಪ್ರಯತ್ನಗಳಲ್ಲಿ ಬಹುಪಾಲು ಕೈಕೊಡುತ್ತವೆ. ಸಪ್ಲಿ ಬರೆಯೋರಿಗೆ ಈ ನೋವು ಅರ್ಥವಾಗುತ್ತೆ. ಅಷ್ಟು ಕಷ್ಟಪಟ್ಟು ಒಂದು ಸಲ ಪಾಸಾದಾಗ ಸಿಗೋದು ಹಲವು ದಿನದ ಊಟವಾಗಿದ್ದರೆ ಲಾಭ.

ಆದರೆ ಅದೇ ಹುಲಿ ಹಿಂಡಿನಲ್ಲಿ ಕರುವೋ, ಹರೆಯದ ಕಾಟಿಯೋ ಸಿಕ್ಕರೆ ದೊಡ್ಡ ಗೂಳಿಯ ತಂಟೆಗೆ ಹೋಗೋದಿಲ್ಲ. ಪೂರ್ತಿ ಬೆಳೆದ ಗೂಳಿಯನ್ನು ಹುಲಿ ಕೊಂದ ದಾಖಲೆಗಳಿವೆ, ಗೂಳಿ ಹುಲಿಯನ್ನು ತಿವಿದು ಕೊಂದ ದಾಖಲೆಗಳೂ ಇವೆ. ಎರಡೂ ವಿಡಿಯೋ ಬಣದವರಿಗೆ ಸಾಕ್ಷಿ ಇದೆ. (ನಮ್ಮ ಪುಣ್ಯಕೋಟಿಯ ಕಥೆಯಲ್ಲೂ ಹುಲಿ ಅಡ್ಡಗಟ್ಟಿದ್ದು ಕರುವಿಗೆ ಹಾಲುಣಿಸೋಕೆ ಹೊರಟ ಹಸುವನ್ನು, ಗೂಳಿಯನ್ನಲ್ಲ. ಕಥೆ ಕಟ್ಟಿದವರಿಗೆ ದನವೂ ಗೊತ್ತಿತ್ತು, ಹುಲಿಯೂ ಗೊತ್ತಿತ್ತು.)

ಇಲ್ಲಿ ಗೂಳಿಯ ಒಂದು ದೌರ್ಬಲ್ಯ ಹೇಳಲೇಬೇಕು. ಶಕ್ತಿ ಜಾಸ್ತಿಯಾದಷ್ಟೂ ಅದು ಒಂಟಿಯಾಗುತ್ತದೆ. ಹಸು, ಕರುಗಳು ಹಿಂಡಿನಲ್ಲಿ ಇರ್ತವೆ. ಇಪ್ಪತ್ತು ಜೊತೆ ಕಿವಿ, ಇಪ್ಪತ್ತು ಮೂಗು ಕಾವಲು. ದೊಡ್ಡ ಗಂಡು ಮಾತ್ರ ಎಷ್ಟೋ ಸಮಯ ತಾನೊಬ್ಬನೇ ಮೇಯುತ್ತಿರುತ್ತದೆ. ಆಫ್ರಿಕಾದ ಕಾಡೆಮ್ಮೆಗಳಲ್ಲೂ ಹೀಗೇ. ವಯಸ್ಸಾದ ಗಂಡುಗಳು ಹಿಂಡು ಬಿಟ್ಟು ಒಂದೋ ಎರಡೋ ಸೇರಿಕೊಂಡು ನೀರಿನ ಬದಿ ಕೆಸರಲ್ಲಿ ಕಾಲ ಕಳೀತವೆ. ಸಿಂಹಗಳಿಗೆ ಆ ವಿಳಾಸ ಚೆನ್ನಾಗಿ ಗೊತ್ತು.

ಸಿಂಹದ ಅಭಿಮಾನಿಗಳು ಇಷ್ಟು ಹೊತ್ತು ಕಾಯ್ತಿದ್ರು ಅಂತ ಗೊತ್ತು. ಒಪ್ಪಿದೆವು, ಆಫ್ರಿಕಾದ ಎಮ್ಮೆಯನ್ನು ಸಿಂಹಗಳು ಕ್ರಮವಾಗಿ ಬೇಟೆಯಾಡ್ತವೆ. ಬೋಟ್ಸ್ವಾನಾದ ಒಕವಾಂಗೋ ಜೌಗಿನ ಡೂಬಾದಲ್ಲಿ ಸಿಂಹಗಳು ಹಗಲಲ್ಲೇ ಎಮ್ಮೆ ಹಿಂಡನ್ನು ಅಟ್ಟೋದನ್ನು ಜೌಬೆರ್ಟ್ ದಂಪತಿ ವರ್ಷಗಟ್ಟಲೆ ಚಿತ್ರೀಕರಿಸಿದರು. ಆದರೆ ಅದು ತಂಡದ ಕೆಲಸ. ಒಂದು ಮೂಗು ಹಿಡಿದರೆ ಎರಡು ಬೆನ್ನೇರುತ್ತವೆ. ತಂಡ ಅಂದಮೇಲೆ ಊಟವೂ ಹಂಚಬೇಕು, ಪೆಟ್ಟೂ ಹಂಚಿಹೋಗುತ್ತೆ. ನಮ್ಮ ಮಿನಿ ಪ್ರಾಜೆಕ್ಟ್ ಥರ, ಒಬ್ಬ ಕೆಲಸ ಮಾಡಿ ನಾಲ್ಕು ಜನ ಮಾರ್ಕ್ಸ್ ತಗೊಳ್ಳೋದೂ ಇದೆ. ಕ್ರೂಗರ್ ಉದ್ಯಾನದ ಆ ಪ್ರಸಿದ್ಧ ವಿಡಿಯೋ ನೋಡದವರು ಕಡಿಮೆ. 2004ರಲ್ಲಿ ಪ್ರವಾಸಿಯೊಬ್ಬರು ತೆಗೆದದ್ದು, 2007ರಲ್ಲಿ ಯೂಟ್ಯೂಬ್‌ಗೆ ಬಂತು. ಸಿಂಹಗಳು ಕರು ಹಿಡಿದವು, ಮೊಸಳೆ ಅದೇ ಕರುವನ್ನು ಎಳೆಯಿತು, ಕೊನೆಗೆ ಎಮ್ಮೆಗಳ ಹಿಂಡು ವಾಪಸ್ ಬಂದು ಸಿಂಹಗಳನ್ನು ಅಟ್ಟಿ ಕರುವನ್ನು ಬಿಡಿಸಿಕೊಂಡಿತು. ಸಿಂಹ ಬಡವಾಯ್ತು ಅಂತ ಅಲ್ಲ. ಒಂದು ಕರುವಿಗಾಗಿ ಗಾಯ ಮಾಡಿಕೊಳ್ಳೋದು ಕಟ್ಟೋದಿಲ್ಲ ಅಂತ ಅವಕ್ಕೆ ಅನ್ನಿಸಿತು, ಬಿಟ್ಟವು. ಅಷ್ಟೇ.

ತಂಡದ ಬೇಟೆಯಲ್ಲಿ ನಮಗೆ ಸಿಂಹಕ್ಕಿಂತ ತೋಳದ ಮೇಲೆ ಗೌರವ ಜಾಸ್ತಿ. 45 ಕೆ.ಜಿ.ಯ ಪ್ರಾಣಿ 900 ಕೆ.ಜಿ.ಯ ಬೈಸನ್ ಹಿಂದೆ ಹೋಗೋದು ಅಂದ್ರೆ ಇಪ್ಪತ್ತು ಪಟ್ಟು. ಕೆನಡಾದ ವುಡ್ ಬಫೆಲೋ ಉದ್ಯಾನದಲ್ಲಿ ತೋಳಗಳು ಬೈಸನ್‌ಗಳನ್ನೇ ನಂಬಿ ಬದುಕುತ್ತವೆ. 1995ರಲ್ಲಿ ತೋಳಗಳನ್ನು ಮತ್ತೆ ತಂದುಬಿಟ್ಟ ಯೆಲ್ಲೋಸ್ಟೋನ್‌ನಲ್ಲಿ ಸಂಶೋಧಕರು ಒಂದು ಚೆಂದದ ವಿಷಯ ಕಂಡುಕೊಂಡರು. ಎಲ್ಕ್ ಜಿಂಕೆ ಹಿಡಿಯೋಕೆ ನಾಲ್ಕು ತೋಳ ಸಾಕು, ಐದನೆಯದ್ದು ಬಂದರೆ ಯಶಸ್ಸೇನೂ ಹೆಚ್ಚೋದಿಲ್ಲ. ಬೈಸನ್ ಆದರೆ ಗುಂಪು 9ರಿಂದ 13ಕ್ಕೆ ಮುಟ್ಟುವವರೆಗೂ ಯಶಸ್ಸು ಏರುತ್ತಲೇ ಹೋಗುತ್ತೆ. ಅಂದರೆ ಎದುರಾಳಿ ನಿಜಕ್ಕೂ ಅಪಾಯಕಾರಿಯಾದಾಗ ಮಾತ್ರ ಎಲ್ಲರೂ ಕೆಲಸ ಮಾಡ್ತಾರೆ! ಇನ್ನೊಂದು ವಿಷಯ, ಓಡದೇ ನಿಂತು ಎದುರಿಸಿದ ಬೈಸನ್ ಬಹುಮಟ್ಟಿಗೆ ಬದುಕುತ್ತದೆ. ತೋಳಗಳಿಗೆ ಬೇಕಾಗಿರೋದು ಓಟ. ಓಡಿಸಿ ನೋಡಿದಾಗ ಯಾವುದು ಕುಂಟುತ್ತೆ, ಯಾವುದು ಹಿಂದೆ ಬೀಳುತ್ತೆ ಅಂತ ಗೊತ್ತಾಗುತ್ತೆ.

ನಮ್ಮ ಕೆನ್ನಾಯಿಗಳೂ ಇದೇ ಜಾತಿಯ ಕೆಲಸಗಾರರು. ಕೃಪಾಕರ ಸೇನಾನಿ ಬಂಡೀಪುರದಲ್ಲಿ ಅವುಗಳ ಹಿಂದೆ ವರ್ಷಗಟ್ಟಲೆ ಅಲೆದು ಚಿತ್ರ ಮಾಡಿದ್ದಾರೆ, ನೋಡದವರು ನೋಡಿ. ಆದರೆ ಒಂದೊಂದೂ 15 ಕೆ.ಜಿ. ಆಸುಪಾಸು. ಕಾಟಿಯ ಕರುವಿಗೆ ಅವು ಅಪಾಯ, ಗೂಳಿಗೆ ಅಲ್ಲ. ಚಿರತೆಯ ಕಥೆಯೂ ಅಷ್ಟೇ.

ಈಗ ‘ಬೈಟ್ ಫೋರ್ಸ್’ ಪಂಡಿತರ ಸರದಿ. ಯಾವ ಚರ್ಚೆಯಲ್ಲೂ ಒಬ್ಬ ಇರ್ತಾನೆ, ಬಾಯಿ ಬಿಟ್ಟರೆ ನಂಬರ್. ಸರಿ, ನಂಬರ್ ತಗೊಳ್ಳಿ: 2012ರಲ್ಲಿ ಪ್ರಕಟವಾದ ಅಳತೆಯಲ್ಲಿ ಉಪ್ಪುನೀರಿನ ಮೊಸಳೆಯೊಂದು 16,414 ನ್ಯೂಟನ್ ಬಲದಿಂದ ಕಚ್ಚಿತು. ಜೀವಂತ ಪ್ರಾಣಿಯಲ್ಲಿ ಅಳೆದದ್ದರಲ್ಲಿ ಇದು ದಾಖಲೆ. ಆ ಮೊಸಳೆ ನೀರಿಗೆ ಬಂದ ನೀರೆಮ್ಮೆಯನ್ನು ಹಿಡಿದು ಮುಳುಗಿಸಬಲ್ಲದು. ಆದರೆ ಗೂಳಿ ದಂಡೆಯಿಂದ ಹತ್ತು ಮೀಟರ್ ಆಚೆ ನಿಂತಿದ್ದರೆ? ಆ 16,414 ನ್ಯೂಟನ್‌ನ ಬೆಲೆ ಸೊನ್ನೆ.

ಈ ನಂಬರ್ ಹುಚ್ಚಿಗೆ ಎರಡು ಪ್ರಾಣಿಗಳು ಸರಿಯಾದ ಉತ್ತರ ಕೊಡ್ತವೆ. ಒಂದು, ಇಂಡೋನೇಷ್ಯಾದ ಕೊಮೊಡೊ ಉಡ. ದೊಡ್ಡದು ಅಂದ್ರೆ 70-90 ಕೆ.ಜಿ. ಕಚ್ಚುವ ಬಲ ಬಡಪಾಯಿಯದ್ದು. ಆದರೂ ರಿಂಚಾ ದ್ವೀಪದಲ್ಲಿ ಅದು ನೀರೆಮ್ಮೆಗಳನ್ನು ತಿನ್ನುತ್ತೆ. ಗರಗಸದಂಥ ಹಲ್ಲಿನಿಂದ ಕಾಲು ಸೀಳಿ ಸುಮ್ಮನಾಗುತ್ತೆ. ಮೊದಲು ಅದರ ಬಾಯಿಯ ಕೊಳಕು ಬ್ಯಾಕ್ಟೀರಿಯಾದಿಂದ ಎಮ್ಮೆ ಸಾಯುತ್ತೆ ಅಂತಿದ್ದರು, 2009ರಲ್ಲಿ ಅದರ ದವಡೆಯಲ್ಲಿ ವಿಷದ ಗ್ರಂಥಿಗಳಿವೆ ಅಂತ ತೋರಿಸಿದರು. ಗಾಯವಾದ ಎಮ್ಮೆ ತನ್ನ ಅಭ್ಯಾಸದಂತೆ ಹೋಗಿ ಕೊಳಕು ನೀರಿನಲ್ಲಿ ಕೂರುತ್ತೆ, ಗಾಯ ಕೊಳೆಯುತ್ತೆ. ಉಡ ಕಾಯುತ್ತೆ, ದಿನಗಟ್ಟಲೆ. ಯಾರೂ ಇದಕ್ಕೆ ಹಿನ್ನೆಲೆ ಸಂಗೀತ ಹಾಕಿ ರೀಲ್ಸ್ ಮಾಡೋದಿಲ್ಲ. ನೋಡೋಕೆ ಚೆನ್ನಾಗಿಲ್ಲ. ಬೇಟೆ ಮಾತ್ರ ಆಗುತ್ತೆ.

ಎರಡನೆಯದು ಸ್ಮೈಲೋಡಾನ್, ಕತ್ತಿಹಲ್ಲಿನ ಬೆಕ್ಕು. ಸುಮಾರು 10 ಸಾವಿರ ವರ್ಷದ ಹಿಂದೆ ಅಳಿದುಹೋದದ್ದು. ದಕ್ಷಿಣ ಅಮೆರಿಕದ ದೊಡ್ಡ ಜಾತಿ ಇವತ್ತಿನ ಯಾವ ಹುಲಿಗಿಂತಲೂ ಭಾರವಿತ್ತು, ಕೋರೆಹಲ್ಲು 28 ಸೆಂ.ಮೀ. ತನಕ, ಅಂದ್ರೆ ನಮ್ಮ 30 ಸೆಂ.ಮೀ. ಸ್ಕೇಲ್‌ಗೆ ಸ್ವಲ್ಪ ಕಮ್ಮಿ. ಇಷ್ಟು ಕೇಳಿದರೆ ಕಾಟಿ ಕ್ಷಣದಲ್ಲಿ ಮುಗೀತು ಅನ್ನಿಸುತ್ತೆ. ಆದರೆ 2007ರಲ್ಲಿ ಆಸ್ಟ್ರೇಲಿಯಾದ ಮೆಕ್‌ಹೆನ್ರಿ, ವ್ರೋ ಮತ್ತು ಸಂಗಡಿಗರು ಇದರ ತಲೆಬುರುಡೆಯನ್ನು ಸ್ಕ್ಯಾನ್ ಮಾಡಿ ಫೈನೈಟ್ ಎಲಿಮೆಂಟ್ ಅನಾಲಿಸಿಸ್ ಮಾಡಿದರು. ಹೌದು, ಮೆಕ್ಯಾನಿಕಲ್‌ನ ಸೀನಿಯರ್‌ಗಳು ಬ್ರಾಕೆಟ್‌ಗೂ ಶಾಫ್ಟ್‌ಗೂ ಮಾಡೋ ಅದೇ ಅನಾಲಿಸಿಸ್. ಫಲಿತಾಂಶ: ಸ್ಮೈಲೋಡಾನ್ ಕಚ್ಚುವ ಬಲ ಸಿಂಹದ್ದಕ್ಕಿಂತ ಮೂರನೇ ಒಂದು ಭಾಗ! ಒದ್ದಾಡುವ ಪ್ರಾಣಿಯನ್ನು ಹಿಡಿದಾಗ ಬರುವ ಪಕ್ಕದ ಎಳೆತಕ್ಕೆ ಆ ಬುರುಡೆ ಸಿಂಹದ್ದರಷ್ಟು ತಾಳೋದಿಲ್ಲ. ಉದ್ದದ ಹಲ್ಲು ಅಂದ್ರೆ ಉದ್ದದ ಕ್ಯಾಂಟಿಲಿವರ್, ತುದಿಗೆ ಅಡ್ಡ ಬಲ ಬಿದ್ದರೆ ಬುಡದಲ್ಲಿ ಏನಾಗುತ್ತೆ ಅಂತ ಸಿವಿಲ್‌ನವರನ್ನು ಕೇಳಿ.

ಹಾಗಾದರೆ ಅದು ಬೇಟೆ ಹೇಗೆ ಆಡ್ತಿತ್ತು? ಉತ್ತರ ಮುಂಗಾಲಿನಲ್ಲಿದೆ. ಅದರ ಮುಂಗಾಲಿನ ಮೂಳೆಗಳು ಇವತ್ತಿನ ಬೆಕ್ಕುಗಳದ್ದಕ್ಕಿಂತ ದಪ್ಪ, ಗೋಡೆಗಳೂ ದಪ್ಪ. ಮೊದಲು ಅಪ್ಪಿ ನೆಲಕ್ಕೆ ಒತ್ತಿ ಅಲುಗಾಡದ ಹಾಗೆ ಮಾಡೋದು, ಆಮೇಲೆ ಕತ್ತಿನ ಸ್ನಾಯುಗಳ ಬಲದಿಂದ ಗಂಟಲಿಗೆ ಹಲ್ಲು ಇಳಿಸೋದು. ಲಾಸ್ ಏಂಜಲೀಸ್‌ನ ಲಾ ಬ್ರೇಯಾ ಡಾಂಬರು ಹೊಂಡಗಳಲ್ಲಿ ಇದರ ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳ ಮೂಳೆ ಸಿಕ್ಕಿವೆ. ಅವು ಬೈಸನ್ ತಿಂತಿದ್ದವಾ, ಕಾಡಿನ ಜಿಂಕೆ, ಟೇಪಿರ್ ತಿಂತಿದ್ದವಾ ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡ್ತಿದ್ದಾರೆ. ನಮ್ಮ ಅಭಿಪ್ರಾಯ ಕೇಳಿದರೆ, ಹರೆಯದ ಬೈಸನ್‌ಗೆ ಇದು ಯಮ. ಪೂರ್ತಿ ಬೆಳೆದ ಗೂಳಿಯನ್ನು ಒಂಟಿಯಾಗಿ ಅಲುಗಾಡದಂತೆ ಒತ್ತಿಹಿಡಿಯೋದಕ್ಕಿಂತ, ಒದ್ದಾಡುತ್ತಿರುವಾಗಲೇ ಗಂಟಲಿಗೆ ಜೋತು ಬೀಳೋ ಹುಲಿಯ ವಿಧಾನವೇ ಮೇಲು. ಜೂನಿಯರ್‌ಗಳು ಪೋಸ್ಟರ್ ಹಾಕಿಕೊಂಡಿರೋ ಪ್ರಾಣಿಯ ಬಗ್ಗೆ ಹೀಗೆ ಬರೆದದ್ದಕ್ಕೆ ಬೈಗುಳ ಬರುತ್ತೆ, ಬರಲಿ.

ಅಳಿದ ಪ್ರಾಣಿಗಳ ಬಗ್ಗೆ ಎಲ್ಲವೂ ಊಹೆ ಅನ್ನೋರಿಗೆ ಒಂದು ಗಟ್ಟಿ ಸಾಕ್ಷಿ ಇದೆ. 1979ರಲ್ಲಿ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಹತ್ತಿರ ಚಿನ್ನದ ಗಣಿಯವರಿಗೆ ಹೆಪ್ಪುಗಟ್ಟಿದ ಮಣ್ಣಿನೊಳಗೆ ಒಂದು ಇಡೀ ಹುಲ್ಲುಗಾಡಿನ ಬೈಸನ್ ಸಿಕ್ಕಿತು. ಕನಿಷ್ಠ 36 ಸಾವಿರ ವರ್ಷ ಹಳೆಯದು, ಮತ್ತು ಅದು ಗಂಡು, ಒಳ್ಳೆ ಪ್ರಾಯದ ಗೂಳಿ. ಚರ್ಮದ ಮೇಲೆ ಖನಿಜ ಕೂತು ನೀಲಿ ಬಣ್ಣ ಬಂದಿದ್ದರಿಂದ ‘ಬ್ಲೂ ಬೇಬ್’ ಅಂತ ಹೆಸರಿಟ್ಟರು. ಡೇಲ್ ಗಥ್ರೀ ಎಂಬ ವಿಜ್ಞಾನಿ ಅದನ್ನು ಪೊಲೀಸ್ ಪಂಚನಾಮೆಯ ಹಾಗೆ ಪರೀಕ್ಷಿಸಿದರು. ಹಿಂಭಾಗದಲ್ಲಿ ಉಗುರಿನ ಗೀರು, ಮೂತಿಯಲ್ಲಿ ಹಲ್ಲಿನ ತೂತು, ಚರ್ಮದೊಳಗೆ ಸಿಕ್ಕಿಕೊಂಡ ಸಿಂಹದ ಹಲ್ಲಿನ ಚೂರು. ಕೊಂದದ್ದು ಆ ಕಾಲದ ಸಿಂಹಗಳು, ಬಹುಶಃ ಎರಡೋ ಮೂರೋ. ಒಂದು ಹಿಂದಿನಿಂದ, ಒಂದು ಮೂತಿಯಿಂದ, ಇವತ್ತಿನ ಆಫ್ರಿಕಾದಲ್ಲಿ ಮಾಡೋ ಹಾಗೇ. ಪೂರ್ತಿ ತಿನ್ನೋ ಮೊದಲೇ ಮಾಂಸ ಚಳಿಗೆ ಕಲ್ಲಾಯಿತು. ಆ ಸಿಂಹಕ್ಕೆ ಊಟಕ್ಕೆ ಊಟವೂ ತಪ್ಪಿತು, ಹಲ್ಲಿನ ಚೂರೂ ಹೋಯಿತು. (ಗಥ್ರೀ 1984ರಲ್ಲಿ ಅದರ ಕತ್ತಿನ ಒಂದು ಸಣ್ಣ ತುಂಡನ್ನು ಸ್ಟ್ಯೂ ಮಾಡಿ ಸ್ನೇಹಿತರಿಗೆ ಬಡಿಸಿದರು. ನಮ್ಮ ಮೆಸ್ ಬಗ್ಗೆ ದೂರುವವರು ಇದನ್ನು ನೆನಪಿಟ್ಟುಕೊಳ್ಳಿ.)

ಟಿ. ರೆಕ್ಸ್ ಕೇಳಿದವರಿಗೆ ಎರಡೇ ಸಾಲು. ಟ್ರೈಸೆರಟಾಪ್ಸ್‌ನ ಸೊಂಟದ ಮೂಳೆಯ ಮೇಲೆ ಅದರ ಹಲ್ಲಿನ ಗುರುತುಗಳಿವೆ, ಕಾಟಿ ಅದಕ್ಕೆ ಸಂಜೆಯ ಬಜ್ಜಿ. ಇಬ್ಬರ ನಡುವೆ 6.6 ಕೋಟಿ ವರ್ಷ ಇದೆ, ಮುಂದಿನ ಪ್ರಶ್ನೆ.

ಈಗ ಹಲ್ಲು ಮುರಿದ ಬೇಟೆಗಾರನ ಕಥೆ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಕೊಂದಿತ್ತು ಅಂತ ದಾಖಲೆ. ಅದರ ಬಲಗಡೆಯ ಮೇಲಿನ, ಕೆಳಗಿನ ಎರಡೂ ಕೋರೆಹಲ್ಲು ಮುರಿದಿದ್ದವು, ಹಳೆಯ ಗುಂಡೇಟಿನಿಂದ ಅಂತ ಕಾರ್ಬೆಟ್ ಬರೆದಿದ್ದಾರೆ. ಕಾಡಿನ ಪ್ರಾಣಿ ಹಿಡಿಯೋಕಾಗದ ಹುಲಿ ಎಲ್ಲಿಗೆ ಬರುತ್ತೆ ಅಂತ ಎಚ್.ಡಿ. ಕೋಟೆ, ಗುಂಡ್ಲುಪೇಟೆ, ದಕ್ಷಿಣ ಕೊಡಗಿನಿಂದ ಬಂದ ನಮ್ಮ ಕ್ಲಾಸ್‌ಮೇಟ್‌ಗಳಿಗೆ ವಿವರಿಸಿ ಹೇಳಬೇಕಿಲ್ಲ. ಹುಲಿ ಸೋಲೋದು ನಮಗೆ ಎಂಟು ಸೆಕೆಂಡಿನ ತಮಾಷೆ ವಿಡಿಯೋ. ಕಾಡಂಚಿನಲ್ಲಿ ದನ ಕಟ್ಟಿಕೊಂಡ ಮನೆಗೆ ಅದು ತಮಾಷೆ ಅಲ್ಲ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿ. ವಾರಕ್ಕೊಂದು ದೊಡ್ಡ ಪ್ರಾಣಿ ಅನ್ನೋ ಲೆಕ್ಕದಲ್ಲಿ ಗುಣಿಸಿದರೆ ವರ್ಷಕ್ಕೆ 28 ಸಾವಿರ ದಾಟುತ್ತೆ. ಅಷ್ಟು ಕಡವೆ, ಜಿಂಕೆ, ಕಾಟಿ ಕಾಡಿನೊಳಗೇ ಸಿಗಬೇಕು. ಸಿಗದೇ ಹೋದರೆ ಹುಲಿ ಉಪವಾಸ ಇರೋದಿಲ್ಲ.

ಹಾಗಾಗಿ ಕಾಟಿಗೆ ನಿಜವಾದ ಅಪಾಯ ಯಾವುದು ಅಂತ ಕೇಳಿದರೆ ನಮ್ಮ ಪಟ್ಟಿಯಲ್ಲಿ ಹುಲಿ ಕೆಳಗಿದೆ. ಮೇಲಿರೋದು ಕಣ್ಣಿಗೆ ಕಾಣದ ಒಂದು ವೈರಸ್ ಆಗಿತ್ತು, ರಿಂಡರ್‌ಪೆಸ್ಟ್. 1890ರ ದಶಕದಲ್ಲಿ ಅದು ಆಫ್ರಿಕಾದ ದನಗಳನ್ನೂ ಕಾಡೆಮ್ಮೆಗಳನ್ನೂ ಗುಡಿಸಿಹಾಕಿತು. 1968ರ ಸುಮಾರಿಗೆ ಬಂಡೀಪುರ, ಮುದುಮಲೆ ಕಡೆ ಬಂದು ಕಾಟಿಗಳನ್ನು ರಾಶಿ ರಾಶಿ ಕೊಂದಿತು. ಯಾವ ಹುಲಿಯೂ ಒಂದು ಜನ್ಮದಲ್ಲಿ ಮಾಡಲಾಗದ ಕೆಲಸ. 2011ರಲ್ಲಿ ಜಗತ್ತಿನಿಂದಲೇ ಈ ರೋಗ ತೊಲಗಿತು ಅಂತ ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿಹಾಕಿದ ಎರಡನೇ ರೋಗ ಇದು, ಪಶುವೈದ್ಯರ ಈ ಗೆಲುವಿನ ಬಗ್ಗೆ ಯಾರೂ ಸ್ಟೇಟಸ್ ಹಾಕಲಿಲ್ಲ ಅನ್ನೋದು ನಮ್ಮ ಬೇಸರ. ಕಾಲುಬಾಯಿ ಜ್ವರ ಮಾತ್ರ ಈಗಲೂ ಊರಿನ ದನಗಳಿಂದ ಕಾಡಿಗೆ ದಾಟಬಹುದು.

ಇನ್ನೊಂದು ಮನುಷ್ಯ. ಯುರೋಪಿನ ಕಾಡುಗೂಳಿ ಆರಾಕ್ಸ್ ತೋಳವನ್ನೂ ಸಿಂಹವನ್ನೂ ಸಾವಿರಾರು ವರ್ಷ ಎದುರಿಸಿತ್ತು, ಅದರ ಕೊನೆಯದು 1627ರಲ್ಲಿ ಪೋಲೆಂಡಿನ ಯಾಕ್ಟೊರುವ್ ಕಾಡಿನಲ್ಲಿ ಸತ್ತಿತು. ಅಮೆರಿಕದ ಬೈಸನ್ ಕೋಟಿಗಟ್ಟಲೆ ಇದ್ದದ್ದು 1880ರ ದಶಕದ ಕೊನೆಗೆ ಸಾವಿರದ ಆಸುಪಾಸಿಗೆ ಇಳಿಯಿತು. ಬಂದೂಕು ಮತ್ತು ರೈಲು ಸೇರಿ ಮಾಡಿದ ಕೆಲಸ ಅದು.

ನಮ್ಮ ಕಾಟಿಗೆ ಈಗ ಬಂದೂಕಿಗಿಂತ ಹೆಚ್ಚಾಗಿ ಎರಡು ಸಂಗತಿ ಕಾಡ್ತಿವೆ. ಲಂಟಾನ ಬೆಳೆದ ಕಡೆ ಹುಲ್ಲು ಬೆಳೆಯೋದಿಲ್ಲ, ಹುಲ್ಲಿಲ್ಲದ ಕಡೆ 900 ಕೆ.ಜಿ. ದೇಹ ಸಾಕೋಕಾಗಲ್ಲ. ಬಂಡೀಪುರದಲ್ಲಿ ಸಫಾರಿಗೆ ಹೋದವರು ಎರಡೂ ಬದಿ ಗೋಡೆಯ ಹಾಗೆ ನಿಂತಿರೋ ಆ ಪೊದೆಯನ್ನು ‘ಎಷ್ಟು ಹಸಿರು’ ಅಂತ ಫೋಟೋ ತೆಗೆದುಕೊಂಡು ಬರ್ತಾರೆ. ಇನ್ನೊಂದು ರಸ್ತೆ. 25 ಟನ್‌ನ ಲಾರಿ 60 ಕಿ.ಮೀ. ವೇಗದಲ್ಲಿ ಬಂದರೆ ಸುಮಾರು 3,500 ಕಿಲೋಜೌಲ್. ಮೇಲೆ ಲೆಕ್ಕ ಹಾಕಿದ ಗೂಳಿಯ ಓಟಕ್ಕಿಂತ 75 ಪಟ್ಟಿಗೂ ಜಾಸ್ತಿ. ಯಾವ ಡಿಬೇಟ್‌ನಲ್ಲೂ ಈ ಸ್ಪರ್ಧಿಯ ಹೆಸರು ಬರೋದಿಲ್ಲ.

2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಇದೆ. ವಯನಾಡಿಗೋ ಊಟಿಗೋ ಟ್ರಿಪ್ ಹೊರಟ ಪ್ರತಿ ಬ್ಯಾಚಿನಲ್ಲೂ ಇದನ್ನು ಬೈಯುವವರು ಇರ್ತಾರೆ. ‘ಒಂಬತ್ತು ಗಂಟೆಗೆ ಯಾರಾದ್ರೂ ಗೇಟ್ ಹಾಕ್ತಾರಾ, ನಮ್ಮ ಹಾಸ್ಟೆಲ್ ವಾರ್ಡನ್ ಥರ’ ಅಂತ. ನಾವು ಈ ನಿರ್ಬಂಧದ ಪರ. ರಾತ್ರಿ ಹೊತ್ತು ಕಾಟಿ ರಸ್ತೆ ದಾಟಿ ಹುಲ್ಲಿಗೋ ನೀರಿಗೋ ಹೋಗಬೇಕು, ಅದರ ಹಿಂದೆ ಹುಲಿಯೂ ಹೋಗಬೇಕು. ಅಲ್ಲಿ ಯಾವುದು ಗೆದ್ದರೂ ನಮ್ಮ ತಕರಾರಿಲ್ಲ. ಟ್ರಿಪ್ ಪ್ಲಾನ್ ಮಾಡುವವರು ಮೈಸೂರಿನಲ್ಲಿ ಊಟಕ್ಕೆ ಎರಡು ಗಂಟೆ ಕೂರದೇ ಗುಂಡ್ಲುಪೇಟೆಯನ್ನು ಏಳೂವರೆಯೊಳಗೆ ದಾಟಿ. ಆಗಲಿಲ್ಲ ಅಂದ್ರೆ ಅಲ್ಲೇ ರೂಮ್ ಮಾಡಿ ಮಲಗಿ, ಬೆಳಿಗ್ಗೆ ಆರಕ್ಕೆ ಹೊರಡಿ. ಆ ಹೊತ್ತಿಗೆ ರಸ್ತೆ ಬದಿ ಕಾಟಿ ಕಾಣೋ ಸಾಧ್ಯತೆಯೂ ಹೆಚ್ಚು. ಕಂಡರೆ ಗಾಡಿ ನಿಲ್ಲಿಸಬೇಡಿ, ಹಾರ್ನ್ ಹೊಡೀಬೇಡಿ.